ಹಸುಬೆ ಅಂದ್ರೆ ಹಸು ಅಲ್ಲ

ಮಳೆ ಬಿಡುವು ಕೊಟ್ಟು ಒಂಬತ್ತು ದಿನ ಆಯ್ತು. ರಾಗಿಗೆ ಕುಂಟೆ ಹೊಡೆದಾಯ್ತು, ಈರುಳ್ಳಿ ಕಳೆ ಒಂದು ಸಲ ಮುಗೀತು. ತೋಟದಲ್ಲಿ ಕೆಲಸ ಅನ್ನೋದು ಇದ್ದೇ ಇರುತ್ತೆ, ಆದ್ರೆ ಇವತ್ತು ಬೆಳಿಗ್ಗೆಯಿಂದ ತ್ರೀ ಫೇಸ್ ಇಲ್ಲ, ಮೋಟ್ರು ಓಡಲ್ಲ. ಹಾಗಾಗಿ ಬೆಳೆ ವಿಚಾರ ಪಕ್ಕಕ್ಕಿಟ್ಟು ಒಂದು ಮಾತಿನ ವಿಚಾರ ಬರೀತೀನಿ. ಮಾತು ಅಂದ್ರೆ ಒಂದೇ ಪದ. ಹಸುಬೆ.

ನಮ್ಮ ಕಡೂರು, ತರೀಕೆರೆ, ಅಜ್ಜಂಪುರ ಸೀಮೆಯಲ್ಲಿ ಅರವತ್ತು ದಾಟಿದೋರಿಗೆ ಇದು ಗೊತ್ತಿರಬಹುದು. ನನ್ನ ವಾರಗೆಯೋರಲ್ಲಿ ಅರ್ಧ ಜನ ಕೇಳಿದ್ದೀವಿ, ಬಳಸಿಲ್ಲ. ನಮ್ಮ ಮಕ್ಕಳು ಕೇಳೇ ಇಲ್ಲ. ಈಗ ನಾವು ಲಗೇಜು ಅಂತೀವಲ್ಲ, ಊರಿಗೆ ಹೊರಟಾಗ ಕೈಯಲ್ಲೊಂದು, ಹೆಗಲಲ್ಲೊಂದು, ಅದಕ್ಕೆ ನಮ್ಮ ಅಜ್ಜಂದಿರು ಹೇಳ್ತಿದ್ದ ಮಾತು ಇದು. "ಹಸುಬೆ ಹೆಗಲಿಗೇರಿಸಿದ" ಅಂದ್ರೆ ಊರು ಬಿಟ್ಟು ಪ್ರಯಾಣ ಹೊರಟ ಅಂತಲೇ ಅರ್ಥ.

ಹಸುಬೆ ಅಂದ್ರೆ ಚೀಲವೇ. ಆದ್ರೆ ಈಗಿನ ಚೀಲದ ಹಾಗೆ ಮೇಲೆ ಬಾಯಿ, ಕೆಳಗೆ ಬುಡ ಅಲ್ಲ. ದಪ್ಪ ಹತ್ತಿ ಬಟ್ಟೆಯ ಉದ್ದನೆ ಚೀಲ, ಎರಡೂ ತುದಿ ಹೊಲಿದು ಮುಚ್ಚಿರುತ್ತೆ, ಬಾಯಿ ಇರೋದು ನಡುಮಧ್ಯದಲ್ಲಿ, ಒಂದು ಸೀಳು ಅಷ್ಟೇ. ಹೆಗಲ ಮೇಲೆ ಹಾಕಿದ್ರೆ ಒಂದು ಪಾಲು ಎದೆ ಕಡೆ ಇಳಿಯುತ್ತೆ, ಇನ್ನೊಂದು ಪಾಲು ಬೆನ್ನ ಕಡೆ. ಬಾಯಿ ಸರಿಯಾಗಿ ಹೆಗಲ ಮೇಲೆ ಬಂದು ಕೂರುತ್ತೆ. ಎರಡೂ ಕಡೆ ಭಾರ ಜಗ್ಗೋದ್ರಿಂದ ತಾನಾಗೇ ಬಿಗಿದು ಮುಚ್ಚಿಕೊಳ್ಳುತ್ತೆ. ಜಿಪ್ಪಿಲ್ಲ, ಗುಂಡಿ ಇಲ್ಲ, ಲಾಡಿ ಇಲ್ಲ. ಸಂತೆ ಜನಜಂಗುಳಿಯಲ್ಲಿ ಜೇಬುಗಳ್ಳ ಕೈ ಹಾಕಬೇಕು ಅಂದ್ರೆ ನಿಮ್ಮ ಕಿವಿ ಹತ್ರ ಕೈ ತರಬೇಕು. ಅಷ್ಟು ಗಟ್ಟಿ ಲಾಕರು ಅದು.

ನಮ್ಮ ತಂದೆಯೋರ ಹಸುಬೆ ನಾನು ಕಣ್ಣಾರೆ ನೋಡಿದ್ದು. ಬಿಳಿ ಇದ್ದದ್ದು ನನ್ನ ಕಾಲಕ್ಕೆ ಮಣ್ಣಿನ ಬಣ್ಣಕ್ಕೆ ತಿರುಗಿತ್ತು. ಎತ್ತು ತರೋಕೆ ಜಾತ್ರೆಗೆ ಹೋಗುವಾಗ, ಬೀಗರ ಊರಿಗೆ ಹೆಣ್ಣು ನೋಡೋಕೆ ಹೋಗುವಾಗ ಅದು ಅಟ್ಟದಿಂದ ಕೆಳಗಿಳೀತಿತ್ತು. ಮುಂದಿನ ಪಾಲಲ್ಲಿ ದುಡ್ಡು, ಎಲೆ ಅಡಿಕೆ, ಕಾಗದ ಪತ್ರ. ಹಿಂದಿನ ಪಾಲಲ್ಲಿ ಬುತ್ತಿ, ಒಂದು ಪಂಚೆ, ಟವಲ್ಲು. ಬುತ್ತಿ ಅಂದ್ರೆ ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿಪುಡಿ, ಒಂದಷ್ಟು ಹುರಿಗಡಲೆ. ಹೋಗ್ತಾ ಹಿಂದಿನ ಪಾಲು ಭಾರ, ಬುತ್ತಿ ಉಂಡ ಮೇಲೆ ಮುಂದಿನ ಪಾಲು ಭಾರ. ಆಗ ಪಂಚೆ ತೆಗೆದು ಹಿಂದಕ್ಕೆ, ಸುಣ್ಣದ ಡಬ್ಬಿ ತೆಗೆದು ಮುಂದಕ್ಕೆ ಅಂತ ಸರಿ ಮಾಡಿಕೊಳ್ತಿದ್ರು. ಇಲ್ಲಾಂದ್ರೆ ಹೆಗಲಿಂದ ಜಾರುತ್ತೆ. ಎರಡು ಕಡೆ ಸಮ ಇದ್ರೆ ಎರಡು ಮೈಲಿ ನಡೆದ ಮೇಲೆ ಚೀಲ ಇದೆ ಅನ್ನೋದೇ ಮರ್ತು ಹೋಗುತ್ತೆ. ಒಂದು ಕಡೆ ಜಾಸ್ತಿ ಆದ್ರೆ ಅರ್ಧ ಮೈಲಿಗೆ ಕತ್ತು ನೋವು.

ಇದನ್ನ ಜೋಳಿಗೆ ಜೊತೆ ಸೇರಿಸಬೇಡಿ. ಜೋಳಿಗೆ ಬೇಡೋಕೆ ಹೋಗೋರದು, ಬಾಯಿ ಯಾವಾಗಲೂ ತೆರೆದಿರುತ್ತೆ, ತೆರೆದಿರಬೇಕು. ಹಸುಬೆ ವ್ಯಾಪಾರಕ್ಕೆ, ಪ್ರಯಾಣಕ್ಕೆ ಹೋಗೋರದು.

ಕಿಟ್ಟೆಲ್ ಸಾಹೇಬರು 1894ರಲ್ಲಿ ಅಚ್ಚು ಹಾಕಿಸಿದ ನಿಘಂಟಲ್ಲಿ ಈ ಮಾತು ಐತೆ. ಹಸಿಬೆ ಅಂತಲೂ ಹೇಳೋರು ಇದಾರೆ. ಮನುಷ್ಯನ ಹೆಗಲಿಗೆ ಹೇಗೋ ಹಾಗೆ ಎತ್ತಿನ ಬೆನ್ನಿಗೂ, ಕುದುರೆ ಬೆನ್ನಿಗೂ ಇದೇ ಮಾದರಿ ಚೀಲ. ಅಳತೆ ದೊಡ್ಡದು, ಬಟ್ಟೆ ಬದಲು ಗೋಣಿ, ಅಷ್ಟೇ ವ್ಯತ್ಯಾಸ. ಅಂದ ಹಾಗೆ ಇಂಗ್ಲಿಷಿನೋರು ಗೋಣಿಚೀಲಕ್ಕೆ ಗನ್ನಿ ಬ್ಯಾಗ್ ಅಂತಾರಲ್ಲ, ಆ ಗನ್ನಿ ನಮ್ಮ ಗೋಣಿಯಿಂದಲೇ ಹೋಗಿದ್ದು. ಅವರು ನಮ್ಮಿಂದ ಗೋಣಿ ತಗೊಂಡು ಹೋದ್ರು, ನಾವು ಅವರಿಂದ ಲಗೇಜು ಇಸ್ಕೊಂಡ್ವಿ.

ಈ ಸಾಮಾನು ಹೊರೋ ವಿಚಾರದಲ್ಲಿ ನಮ್ಮೋರು ಎಷ್ಟು ಲೆಕ್ಕಾಚಾರದಿಂದ ಮಾತು ಇಟ್ಟಿದ್ರು ನೋಡಿ. ತಲೆ ಮೇಲೆ ಮನುಷ್ಯ ಹೊತ್ರೆ ಅದು ಹೊರೆ. ಸೌದೆ ಹೊರೆ, ಹುಲ್ಲು ಹೊರೆ. ಅದನ್ನೇ ಎತ್ತಿನ ಮೇಲೋ ಗಾಡಿ ಮೇಲೋ ಹಾಕಿದ್ರೆ ಹೇರು. ಒಂದು ಹೇರು ಹುಲ್ಲು ಅಂದ್ರೆ ಒಂದು ಗಾಡಿ ಹುಲ್ಲು, ಈಗಲೂ ನಮ್ಮೂರಲ್ಲಿ ಹಾಗೇ ವ್ಯಾಪಾರ. ಹೇರು ಹೊರೋ ಎತ್ತಿಗೆ ಹೇರೆತ್ತು. ಬಟ್ಟೆಯಲ್ಲಿ ಸುತ್ತಿ ನಾಲ್ಕು ಮೂಲೆ ಸೇರಿಸಿ ಕಟ್ಟಿದ್ರೆ ಗಂಟು. ಚೀಲಕ್ಕೆ ತುಂಬಿ ಬಾಯಿ ಹೊಲಿದ್ರೆ ಮೂಟೆ. ಈರುಳ್ಳಿ ಕೆಂಪು ಬಲೆ ಚೀಲಕ್ಕೆ ಹೋದ್ರೂ ನಾವು ಮೂಟೆ ಅನ್ನೋದು ಬಿಟ್ಟಿಲ್ಲ. ಪುಣ್ಯಕ್ಕೆ.

ಗಂಟು ಅನ್ನೋದಕ್ಕೆ ಇನ್ನೊಂದು ಅರ್ಥ ಸೇರಿಕೊಂಡಿದ್ದು ಸಹಜ. ಹಣ ಇರೋನು ಬಟ್ಟೆ ತುದಿಗೆ ಗಂಟು ಹಾಕಿ ಸೊಂಟಕ್ಕೆ ಸಿಕ್ಕಿಸ್ತಿದ್ದ. ಅದಕ್ಕೇ "ಅವನ ಹತ್ರ ಗಂಟೈತೆ" ಅಂತೀವಿ, ಗಂಟುಕಳ್ಳ ಅಂತೀವಿ. ಸರ್ಕಾರದ ಕಾಗದದಲ್ಲೂ ಒಟ್ಟಿಗೆ ಕೊಡೋ ಹಣಕ್ಕೆ ಇಡುಗಂಟು ಅಂತಲೇ ಬರೆಯೋದು. ಆದ್ರೆ ಗಂಟು ಮೂಟೆ ಎರಡೂ ಜೊತೆಗೆ ಬಂದ್ರೆ ಮಾತ್ರ ಅರ್ಥ ಒಳ್ಳೇದಲ್ಲ. ಗಂಟು ಮೂಟೆ ಕಟ್ಟಿದ ಅಂದ್ರೆ ಸೋತು ಹೋದ, ಇಲ್ಲಾ ಹೊರಗಟ್ಟಿದ್ರು. ಕಡೂರು ಕಡೆಯ ಬೆದ್ಲು ಊರುಗಳೋರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. ಬರ ಬಂದ ವರ್ಷ ಎಷ್ಟು ಸಂಸಾರ ಪಾತ್ರೆ ಪಗಡೆ, ಕಂಬಳಿ, ಕೋಳಿ ಸಮೇತ ಕಾಪಿ ಸೀಮೆಗೆ ಹೋಗಿಲ್ಲ? ಹಣ್ಣು ಕುಯ್ಯೋ ಕಾಲಕ್ಕೆ ಹೋದೋರು ಒಂದಷ್ಟು ಜನ ಯುಗಾದಿಗೆ ವಾಪಸ್ ಬಂದ್ರು, ಒಂದಷ್ಟು ಜನ ಲೈನ್ ಮನೆಯಲ್ಲೇ ಉಳಿದ್ರು. ಹಸುಬೆಗೆ ಈ ದುಃಖ ಇಲ್ಲ. ಹಸುಬೆ ಹಾಕ್ಕೊಂಡು ಹೋದೋನು ಮನೆಗೆ ಬರ್ತಾನೆ ಅನ್ನೋದು ಆ ಮಾತಲ್ಲೇ ಇತ್ತು, ಯಾಕಂದ್ರೆ ಅದರಲ್ಲಿ ಹಿಡಿಯೋದು ನಾಲ್ಕು ದಿನದ ಸಾಮಾನು ಮಾತ್ರ.

ಶಾಸನಗಳಲ್ಲಿ ಕೂಡ ಹೇರು ಬರುತ್ತೆ. ಎಲೆಯ ಹೇರಿಗೆ ಇಷ್ಟು ಸುಂಕ, ಅಡಿಕೆಯ ಹೇರಿಗೆ ಇಷ್ಟು ಅಂತ ಕಲ್ಲಲ್ಲಿ ಕೆತ್ತಿಸಿದ್ರು. ನಮ್ಮ ಪಕ್ಕದ ಶಿಕಾರಿಪುರ ಸೀಮೆಯಲ್ಲಿ ಹನ್ನೊಂದನೇ ಶತಮಾನದ ಒಂದು ಶಾಸನ ಐತೆ, ಅಯ್ಯಾವೊಳೆ ಐನೂರ್ವರು ಅನ್ನೋ ವ್ಯಾಪಾರಿಗಳ ಸಂಘದ್ದು. ಅದರಲ್ಲಿ ಅವರು ತಮ್ಮ ಹೊಗಳಿಕೆ ತಾವೇ ಹೇಳಿಕೊಳ್ತಾರೆ, ಭೂಮಿನೇ ನಮ್ಮ ಚೀಲ ಅನ್ನೋ ಅರ್ಥದಲ್ಲಿ. ಕತ್ತೆ ಕೋಣದ ಮೇಲೆ ಹೇರಿಕೊಂಡು ದೇಶ ಸುತ್ತೋರೂ ಅವರಲ್ಲಿದ್ರು, ಹೆಗಲ ಮೇಲೆ ಹೊತ್ತು ಮಾರೋರೂ ಇದ್ರು. ದೊಡ್ಡ ಮಾತು ಬಿಡಿ, ಆದ್ರೆ ಚೀಲ ಹೊರೋದನ್ನ ಅವಮಾನ ಅಂತ ತಿಳಿಯದೆ ಬಿರುದು ಅಂತ ಕೆತ್ತಿಸಿದ್ದು ನನಗೆ ಇಷ್ಟ ಆಯ್ತು. ಈಗ ಮೂಟೆ ಹೊತ್ತು ಬಸ್ ಹತ್ತಿದ್ರೆ ಪಕ್ಕದ ಸೀಟಿನೋರು ಕಾಲು ಎತ್ತಿಕೊಳ್ತಾರೆ.

ಹೇರೆತ್ತಿನ ವಿಚಾರ ಬಂದ ಮೇಲೆ ಲಂಬಾಣಿಗರನ್ನ ಬಿಟ್ಟು ಹೇಳೋಕಾಗಲ್ಲ. ನಮ್ಮ ಮೂರೂ ತಾಲ್ಲೂಕಲ್ಲಿ ತಾಂಡಾಗಳಿದಾವೆ. ರೈಲು ಬರೋ ಮುಂಚೆ ಕರಾವಳಿ ಉಪ್ಪು ಘಟ್ಟ ಹತ್ತಿ ಬಯಲು ಸೀಮೆಗೆ ಬರ್ತಿದ್ದದ್ದು, ಇಲ್ಲಿನ ಧಾನ್ಯ ಆ ಕಡೆ ಹೋಗ್ತಿದ್ದದ್ದು ಹೇರೆತ್ತಿನ ಬೆನ್ನ ಮೇಲೆ. ಲಂಬಾಣಿ ಅನ್ನೋ ಹೆಸರೇ ಲವಣದಿಂದ ಬಂತು ಅನ್ನೋರೂ ಇದಾರೆ. ಯುದ್ಧ ನಡೆದ್ರೆ ಸೈನ್ಯದ ಹಿಂದೆ ಧಾನ್ಯ ಹೊತ್ತು ಹೋಗ್ತಿದ್ದವರೂ ಅವರೇ. ಬೀರೂರು, ಅಜ್ಜಂಪುರಕ್ಕೆ ರೈಲು ಬಂದ ಮೇಲೆ ಆ ಕಸುಬು ಬಿತ್ತು. ಹೊರಿಸೋ ಎತ್ತು ಹೋಯ್ತು, ಎತ್ತಿನ ಜೊತೆ ದಾರಿನೂ ಮುಚ್ಚಿ ಹೋಯ್ತು.

ಒಂದು ಕಡೆ ಅಕ್ಕಿ, ಇನ್ನೊಂದು ಕಡೆ ಭಾರ ಸರಿಹೋಗೋಕೆ ಅಂತ ಮರಳು ಹೇರಿಕೊಂಡು ಹೋದ ದಡ್ಡನ ಕಥೆ ಸ್ಕೂಲಲ್ಲಿ ಕೇಳಿದೀವಲ್ಲ, ದಾರಿಯಲ್ಲಿ ಸಿಕ್ಕ ಪಂಡಿತ ಅಕ್ಕಿನೇ ಎರಡು ಪಾಲು ಮಾಡು ಅಂತ ಬುದ್ಧಿ ಹೇಳಿದ್ದು. ಆ ಕಥೆ ಕಟ್ಟಿದೋನು ಜನ್ಮದಲ್ಲಿ ಎತ್ತಿನ ಮೇಲೆ ಹೇರು ಹೇರಿದೋನಲ್ಲ. ಹೇರೋನಿಗೆ ಮೊದಲು ಬರೋ ವಿದ್ಯೆನೇ ಎರಡು ಪಾಲು. ಈಗಲೂ ನೋಡಿ, ಹೊಸದುರ್ಗ, ಹಿರಿಯೂರು ಕಡೆಯಿಂದ ಕುರಿ ಹೊಡ್ಕೊಂಡು ಬರ್ತಾರಲ್ಲ, ಅವರ ಕತ್ತೆ ಕುದುರೆ ಮೇಲೆ ಎರಡೂ ಕಡೆ ಇಳಿಬಿದ್ದ ಚೀಲ. ಒಂದು ಕಡೆ ಪಾತ್ರೆ, ಹಿಟ್ಟು. ಇನ್ನೊಂದು ಕಡೆ ಮೊನ್ನೆ ಹುಟ್ಟಿದ ಎರಡು ಮರಿ ಕತ್ತು ಹೊರಗೆ ಹಾಕ್ಕೊಂಡು ಕೂತಿರ್ತಾವೆ. ನಾನು ಹೋದ ವರ್ಷ ತೆಂಗಿನ ತೋಟದಲ್ಲಿ ಮೂರು ರಾತ್ರಿ ಕುರಿ ನಿಲ್ಲಿಸಿದ್ದೆ. ಆಗ ಆ ಹಿರೇರನ್ನ ಕೇಳ್ದೆ, ಇದಕ್ಕೇನಂತೀರ ಯಜಮಾನ್ರೇ ಅಂತ. ಚೀಲ ಅಂದ್ರು. ಹಸುಬೆ ಅಂತಾರಾ ಅಂದೆ. ನಕ್ಕು, "ನಮ್ಮಪ್ಪ ಅಂತಿದ್ದ" ಅಂದ್ರು.

ಇನ್ನೊಂದು ವಿಚಾರ ಅಜ್ಜಂಪುರದೋರಿಗೆ ಸಂಬಂಧಪಟ್ಟದ್ದು. ನಮ್ಮ ಅಮೃತ್ ಮಹಲ್ ದನ. ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ, ಅಂದ್ರೆ 1673ರಿಂದ 1704ರ ಅವಧಿಯಲ್ಲಿ, ಇದು ಬೆಣ್ಣೆ ಚಾವಡಿ ಆಗಿತ್ತು. ಟಿಪ್ಪು ಕಾಲಕ್ಕೆ ಅಮೃತ್ ಮಹಲ್ ಅಂತ ಹೆಸರಾಯ್ತು. ಹೆಸರಲ್ಲಿ ಬೆಣ್ಣೆ ಹಾಲು ಇದ್ರೂ ಆ ಎತ್ತುಗಳ ನಿಜವಾದ ಕೆಲಸ ಸೈನ್ಯದ್ದು. ತೋಪು ಎಳೆಯೋದು, ಸೈನ್ಯದ ಸಾಮಾನು ಸರಂಜಾಮು ಸಾಗಿಸೋದು. ಸೈನ್ಯ ಎಷ್ಟು ವೇಗವಾಗಿ ಹೋಗುತ್ತೆ ಅನ್ನೋದು ಸಿಪಾಯಿ ಕಾಲ ಮೇಲೆ ಇರಲಿಲ್ಲ, ಸಾಮಾನು ಎಳೆಯೋ ಎತ್ತಿನ ಕಾಲ ಮೇಲೆ ಇತ್ತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಈ ದನ ಇಂಗ್ಲಿಷರ ಕೈಗೆ ಹೋಯ್ತು. ವೆಲ್ಲೆಸ್ಲಿ, ಮುಂದೆ ಡ್ಯೂಕ್ ಆಫ್ ವೆಲಿಂಗ್ಟನ್ ಆದೋನು, ಯೂರೋಪಿಗೆ ವಾಪಸ್ ಹೋಗಿ ಸ್ಪೇನ್ ಕಡೆ ಯುದ್ಧ ಮಾಡುವಾಗ ಇಂಥ ಎತ್ತು ಇಲ್ಲಿಲ್ಲವಲ್ಲ ಅಂತ ಪೇಚಾಡ್ತಿದ್ದನಂತೆ. ಅಂಥ ತಳಿಯನ್ನ 1860ರಲ್ಲಿ ಖರ್ಚು ಉಳಿಸ್ತೀವಿ ಅಂತ ಸರ್ಕಾರದೋರೇ ಮಾರಿ ಹಾಕಿದ್ರು. ಆರೇಳು ವರ್ಷಕ್ಕೆ ತಪ್ಪು ಗೊತ್ತಾಗಿ ಮತ್ತೆ ಕೂಡಿಸಿ ಕಟ್ಟಿದ್ರು. ಈಗ ಅಜ್ಜಂಪುರದಲ್ಲಿ ತಳಿ ಸಂವರ್ಧನಾ ಕೇಂದ್ರ ಐತೆ, ಹೋರಿಕರು ಹರಾಜಿಗೆ ದೂರದ ಜಿಲ್ಲೆಗಳಿಂದೆಲ್ಲ ಜನ ಬರ್ತಾರೆ.

ಇದನ್ನ ಯಾಕೆ ಇಷ್ಟು ಹೇಳ್ದೆ ಅಂದ್ರೆ, ನಮ್ಮ ಎಷ್ಟೋ ಊರಿನ ಪಹಣಿಯಲ್ಲಿ ಅಮೃತ್ ಮಹಲ್ ಕಾವಲು ಅಂತ ಬರುತ್ತಲ್ಲ, ಆ ಕಾವಲು ಹುಟ್ಟಿದ್ದೇ ಈ ದನ ಮೇಯೋಕೆ. ದನ ಸಾಕಿದ್ದು ಸೈನ್ಯದ ಸಾಮಾನು ಸಾಗಿಸೋಕೆ. ಅಂದ್ರೆ ಮುನ್ನೂರು ವರ್ಷದ ಹಿಂದಿನ ಯಾರದೋ ಲಗೇಜು ಇವತ್ತು ನಮ್ಮ ಬದುವಿನ ಪಕ್ಕ ಗಡಿಕಲ್ಲಾಗಿ ನಿಂತೈತೆ. ಕಾವಲು ಉಳೀಬೇಕು ಅನ್ನೋನು ನಾನು. ಹುಲ್ಲು ಇಲ್ಲದ ಊರಲ್ಲಿ ದನ ಸಾಕೋಕಾಗಲ್ಲ, ದನ ಇಲ್ಲದ ಹೊಲಕ್ಕೆ ಗೊಬ್ಬರ ಇಲ್ಲ. ಹಾಗಂತ ಎರಡು ತಲೆಮಾರಿಂದ ಗೇದು ತಿನ್ನೋನ ಒಂದೂವರೆ ಎಕರೆನ, ಅದು ಕಾವಲೋ ಗೋಮಾಳವೋ ಅಂತ ಸರಿಯಾಗಿ ಅಳೆದು ನೋಡದೆ, ವರ್ಷಗಟ್ಟಲೆ ತೂಗಾಡಿಸೋದು ನ್ಯಾಯ ಅಲ್ಲ.

ಈ ಒಂದೂವರೆ ಎಕರೆ ನಮ್ಮ ದೊಡ್ಡಪ್ಪಂದು. ಹಸುಬೆ ಬಗ್ಗೆ ನಾನು ಬರೀಬೇಕು ಅಂತ ಅನ್ನಿಸಿದ್ದೂ ಅವರಿಂದಲೇ.

ದೊಡ್ಡಪ್ಪನಿಗೆ ಎಂಬತ್ತಾರು. ಹೋದ ವರ್ಷ ಆಷಾಢದಲ್ಲಿ ಲಕ್ವ ಹೊಡೀತು. ಬಲಗೈ, ಬಲಗಾಲು ಹೋಯ್ತು, ಮಾತು ಅರ್ಧ ಹೋಯ್ತು. ಆಸ್ಪತ್ರೆಯಲ್ಲಿ ಎಂಟು ದಿನ ಇಟ್ಕೊಂಡು ಮನೆಗೆ ಕಳಿಸಿದ್ರು. ಮನೆಗೆ ಬಂದ ಮಾರನೇ ದಿನದಿಂದ ಒಂದೇ ಮಾತು ಶುರು ಮಾಡಿದ್ರು. ನಾಲಿಗೆ ಹೊರಳದೆ ಇರೋದ್ರಿಂದ ಸ್ಪಷ್ಟ ಇಲ್ಲ, "ಹಸ್ಬೆ... ಹಸ್ಬೆ" ಅಂತ.

ಸೊಸೆ ಅದನ್ನ ಹಸಿವೆ ಅಂತ ತಿಳ್ಕೊಂಡ್ಲು. ತಿಳ್ಕೊಳ್ಳೋದೇ, ಯಾರಿಗಾದ್ರೂ ಹಾಗೇ ಕೇಳುತ್ತೆ. ಗಂಜಿ ಕುಡಿಸಿದ್ಲು. ಒಂದು ಗಂಟೆ ಬಿಟ್ಟು ಮತ್ತೆ ಅದೇ ಮಾತು, ಮತ್ತೆ ಗಂಜಿ. ಮೂರನೇ ಸಲಕ್ಕೆ ಅವರು ಬಾಯಿ ಬಿಗಿ ಹಿಡಿದು ಮುಖ ತಿರುಗಿಸಿದ್ರು. ಮೊಮ್ಮಗ ಡಿಪ್ಲೊಮಾ ಓದೋನು, ಬುದ್ಧಿವಂತ, ಅಜ್ಜ ಹಸು ಕೇಳ್ತಿದಾರೆ ಅಂದ. ತಾವು ಸಾಕಿದ ಹಸು ನೋಡಬೇಕು ಅನ್ನಿಸಿರಬಹುದು ಅಂತ ಕೊಟ್ಟಿಗೆಯಿಂದ ಬಿಚ್ಚಿ ತಂದು ಕಿಟಕಿ ಹತ್ರ ಕಟ್ಟಿದ್ರು. ದೊಡ್ಡಪ್ಪ ಅದನ್ನ ನೋಡಿದ್ರು, ಕಣ್ಣಲ್ಲಿ ನೀರು ಹಾಕಿದ್ರು. ಎಲ್ಲರೂ ಅದನ್ನ ಪ್ರೀತಿ ಅಂದ್ಕೊಂಡ್ರು. ಇನ್ನೊಬ್ಬ ಮಗ ಬಂದೋನು ಹಲುಬೆ ಇರಬೇಕು ಅಂದ. ರಾಗಿ ಹೊಲಕ್ಕೆ ಹಲುಬೆ ಹೊಡೆಯೋ ಕಾಲ ಬೇರೆ. "ಹೊಡ್ದಾಯ್ತು ಕಣಪ್ಪಾ, ನೀನು ಸುಮ್ನೆ ಮಲಗು" ಅಂತ ಕಿವಿ ಹತ್ರ ಕೂಗಿ ಹೇಳಿದ.

ನಾನು ನೋಡೋಕೆ ಹೋಗಿದ್ದು ನಾಲ್ಕನೇ ದಿನ. ಕೂತು ಕೈ ಹಿಡ್ಕೊಂಡೆ. ಹಸ್ಬೆ ಅಂದ್ರು, ಎಡಗೈಯಲ್ಲಿ ಬಲ ಹೆಗಲನ್ನ ಮುಟ್ಟಿ ತೋರಿಸಿದ್ರು. ಹೆಗಲು ಮುಟ್ಟಿದ್ದು ನೋಡಿದ ತಕ್ಷಣ ನನಗೆ ನಮ್ಮ ತಂದೆ ಜ್ಞಾಪಕ ಬಂದ್ರು. "ಹಸುಬೆನಾ ದೊಡ್ಡಪ್ಪಾ, ಚೀಲ?" ಅಂದೆ. ಅವರ ಮುಖ ಆಗ ಹೇಗಾಯ್ತು ಅಂತ ಬರೆಯೋಕೆ ನನಗೆ ಬರಲ್ಲ.

ಅಟ್ಟದ ಮೇಲೆ ಹುಡುಕಿದ್ವಿ. ಹಳೇ ಕೂರಿಗೆ, ಮುರಿದ ನೊಗ, ತೊಟ್ಟಿಲು, ಪ್ಲಾಸ್ಟಿಕ್ ಕೊಡಗಳ ಹಿಂದೆ, ಒಂದು ತಗಡಿನ ಪೆಟ್ಟಿಗೆ ಒಳಗೆ ಮಡಚಿ ಇತ್ತು. ಒಂದು ಪಾಲಲ್ಲಿ ಅಡಕತ್ತರಿ, ಎತ್ತಿನ ಕೊರಳ ಗೆಜ್ಜೆ ಒಂದು ಜೊತೆ. ಇನ್ನೊಂದು ಪಾಲಲ್ಲಿ ಕಾಗದ. ಅರ್ಧಕ್ಕರ್ಧ ಗೆದ್ದಲು ತಿಂದಿತ್ತು. ಉಳಿದದ್ದು ಕಂದಾಯದ ರಸೀದಿ, ಒತ್ತುವರಿ ಸಾಗುವಳಿಗೆ ದಂಡ ಕಟ್ಟಿದ ರಸೀದಿ. ಅದರಲ್ಲಿ ಓದೋಕೆ ಬರೋ ಹಾಗಿದ್ದದ್ದು ನಾಲ್ಕು.

ಆ ಒಂದೂವರೆ ಎಕರೆಗೆ ಅವರು ಫಾರಂ 53ರಲ್ಲಿ ಅರ್ಜಿ ಹಾಕಿದ್ರು. ಬಗರ್ ಹುಕುಂ ಅರ್ಜಿ ಹಾಕಿದೋರಿಗೆ ಗೊತ್ತು, ಅಲ್ಲಿ ಮೊದಲು ಕೇಳೋದೇ, ನೀನು ಇಷ್ಟು ವರ್ಷದಿಂದ ಉಳ್ತಿದೀಯ ಅನ್ನೋದಕ್ಕೆ ಆಧಾರ ಏನು ಅಂತ. ಅಕ್ಕಪಕ್ಕದ ಹೊಲದೋರು ಬಾಯಲ್ಲಿ ಸಾಕ್ಷಿ ಹೇಳಿದ್ರೆ ಅದಕ್ಕೆ ಒಂದು ತೂಕ, ಸರ್ಕಾರದ್ದೇ ರಸೀದಿ ಇದ್ರೆ ಅದಕ್ಕೆ ಇನ್ನೊಂದು ತೂಕ. ದಂಡ ಕಟ್ಟಿದ ರಸೀದಿ ಅಂದ್ರೆ, ನೀನು ಅಲ್ಲಿ ಉಳ್ತಾ ಇದ್ದೆ ಅಂತ ಸರ್ಕಾರವೇ ಬರ್ಕೊಟ್ಟ ಚೀಟಿ. ಅವತ್ತು ಶಿಕ್ಷೆ ಅಂತ ಕಟ್ಟಿಸಿಕೊಂಡದ್ದೇ ಇವತ್ತು ಹಕ್ಕಿಗೆ ಆಧಾರ. ಮಕ್ಕಳಿಗೆ ಈ ರಸೀದಿ ಇದೆ ಅನ್ನೋದೇ ಗೊತ್ತಿರಲಿಲ್ಲ. ಹಿಂದೊಮ್ಮೆ ಕೇಳಿದಾಗ ದೊಡ್ಡಪ್ಪ "ಹಸುಬೆಲೈತೆ" ಅಂದಿದ್ರಂತೆ, ಇವರು ಅದನ್ನ ಯಾವುದೋ ಜಾಗದ ಹೆಸರು ಅಂದ್ಕೊಂಡು ಬಿಟ್ಟಿದ್ರಂತೆ.

ಹಸುಬೆನ ತಂದು ಎದೆ ಮೇಲೆ ಇಟ್ಟ ಮೇಲೆ ಅವರು ಆ ಮಾತು ಬಿಟ್ರು. ಆಮೇಲೆ ಗಂಜಿ ಕುಡಿದ್ರು. ಶ್ರಾವಣದಲ್ಲಿ ತೀರಿಕೊಂಡ್ರು.

ಕೆಲಸ ಆಯ್ತಾ ಅಂತ ಕೇಳಬೇಡಿ. ನಾಲ್ಕೂ ರಸೀದಿನ ಪ್ಲಾಸ್ಟಿಕ್ ಹಾಳೆ ಒಳಗೆ ಹಾಕಿಸಿ, ನಕಲು ಮಾಡಿಸಿ, ಕಡತಕ್ಕೆ ಸೇರಿಸಿದ್ದಾಯ್ತು. ಆ ಸರ್ವೆ ನಂಬರಿನ ಒಂದು ಅಂಚು ಕಾವಲಿಗೆ ತಾಗುತ್ತೆ, ಕಾವಲಾದ್ರೆ ಮಂಜೂರಾಗಲ್ಲ, ಗೋಮಾಳವಾದ್ರೆ ನೋಡಬಹುದು, ಮೊದಲು ಅಳತೆ ಆಗಬೇಕು ಅಂತ ಹೇಳಿದಾರೆ. ಅಳತೆಗೆ ಇನ್ನೂ ಯಾರೂ ಬಂದಿಲ್ಲ. ಅಣ್ಣತಮ್ಮಂದಿರು ಈ ಸಲವೂ ಅಲ್ಲಿ ರಾಗಿ ಹಾಕಿದಾರೆ, ಬೆಳೆ ಚೆನ್ನಾಗೈತೆ.

ಇಷ್ಟಾದ ಮೇಲೆ ಒಂದು ಮಾತು ಹೇಳ್ತೀನಿ, ಇದು ನನ್ನ ಅಭಿಪ್ರಾಯ. ನಿಮ್ಮ ಮನೆಯಲ್ಲಿ ಎಂಬತ್ತು ದಾಟಿದ ಹಿರೇರು ಇದ್ರೆ, ಕಾಗದ ಪತ್ರ ಎಲ್ಲೈತೆ ಅಂತ ಅವರ ಮಾತಲ್ಲೇ ಕೇಳಿ, ಅವರ ಮಾತಲ್ಲೇ ಬರ್ಕೊಳ್ಳಿ. ಅವರು ಬೀರು ಅನ್ನಲ್ಲ, ಫೈಲು ಅನ್ನಲ್ಲ. ಗೂಡು ಅಂತಾರೆ, ಸಂದೂಕ ಅಂತಾರೆ, ದಪ್ತರ ಅಂತಾರೆ. ಗೂಡು ಅಂದ್ರೆ ಗೋಡೆಯಲ್ಲಿ ಇರೋದು, ಹಕ್ಕಿದಲ್ಲ. ನಗಬೇಡಿ, ಇದು ನಿಮ್ಮ ಮಕ್ಕಳಿಗೆ ನಿಜವಾಗಲೂ ಗೊತ್ತಿಲ್ಲ, ಕೇಳಿ ನೋಡಿ.

ಹೊಸ ಮಾತು ಬಂದದ್ದಕ್ಕೆ ನನಗೆ ತಕರಾರಿಲ್ಲ. ಲಗೇಜು ಅನ್ನೋದನ್ನ ನಾವು ಇಂಗ್ಲಿಷರಿಂದ ತಗೊಂಡ್ರೂ ಅವರಿಗಿಂತ ಜಾಸ್ತಿ ದುಡಿಸ್ತಿದೀವಿ. ಅವರಿಗೆ ಲಗೇಜು ಅಂದ್ರೆ ಪ್ರಯಾಣಿಕನ ಪೆಟ್ಟಿಗೆ. ಕಷ್ಟಪಟ್ಟು ಎಳೆಯೋದು ಅನ್ನೋ ಮಾತಿಂದ ಅದು ಹುಟ್ಟಿದ್ದಂತೆ, ಪಿ.ಯು.ಸಿ. ಓದೋ ಮಗಳು ಹುಡುಕಿ ಹೇಳಿದ್ಲು. ನಮಗೆ ಹಾಗಲ್ಲ. ಲಗೇಜ್ ಆಟೋ ಅಂದ್ರೆ ಅದರಲ್ಲಿ ಗೊಬ್ಬರ ಬರುತ್ತೆ, ಪೈಪು ಬರುತ್ತೆ, ಹಸು ಕರು ಬರುತ್ತೆ, ಮದುವೆ ಜನ ಬರ್ತಾರೆ. "ಒಂದು ಲಗೇಜ್ ಐತೆ, ಬರ್ತೀಯಾ" ಅಂತ ಡ್ರೈವರ್‌ಗೆ ಫೋನ್ ಮಾಡಿದ್ರೆ ಅದು ಹಳೇ 'ಒಂದು ಹೇರು' ಅನ್ನೋದೇ. ಮಾತು ಬದಲಾಯ್ತು, ಲೆಕ್ಕ ಅದೇ.

ಸರ್ಕಾರಿ ಬಸ್ಸಲ್ಲಿ ಮಾತ್ರ ಲಗೇಜು ಬೇರೆ ಜಾತಿ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರಿಗೆ ದುಡ್ಡಿಲ್ಲ. ಆದ್ರೆ ಮೂಟೆಗೆ ಶಕ್ತಿ ಇಲ್ಲ. 30 ಕೆ.ಜಿ. ತನಕ ಬಿಡ್ತಾರೆ, ಮೇಲಾದ್ರೆ ಅದಕ್ಕೆ ಟಿಕೆಟ್ಟು. ಮೊನ್ನೆ ಬೀರೂರಿಂದ ಬರುವಾಗ ಒಬ್ಬ ಅಜ್ಜಿ ತೆಂಗಿನಕಾಯಿ ಚೀಲ ಹತ್ತಿಸಿದ್ರು. ಕಂಡಕ್ಟರ್ "ಅಜ್ಜಿ, ಲಗೇಜಿಗೆ ಟಿಕೆಟ್ ತಗೋಬೇಕು" ಅಂದ್ರು. ಅಜ್ಜಿ, "ಲಗೇಜಲ್ಲ ಕಣಪ್ಪಾ ಇದು, ಮಗಳ ಮನೆಗೆ ಕಾಯಿ" ಅಂದ್ರು. ಇಡೀ ಬಸ್ಸು ನಕ್ತು, ಕಂಡಕ್ಟರೂ ನಕ್ಕು ಮುಂದಕ್ಕೆ ಹೋದ್ರು. ಅಜ್ಜಿ ನಗಲಿಲ್ಲ. ಅವರ ಲೆಕ್ಕದಲ್ಲಿ ಮಾರೋಕೆ ಒಯ್ಯೋದು ಸಾಮಾನು, ಕೊಡೋಕೆ ಒಯ್ಯೋದು ಸಾಮಾನಲ್ಲ. ಆ ಚೀಲಕ್ಕೆ ಸರಿಯಾದ ಮಾತು ಯಾವುದು ಅಂತ ನಾನು ತರೀಕೆರೆ ಬರೋ ತನಕ ಯೋಚನೆ ಮಾಡ್ದೆ, ಹೊಳೀಲಿಲ್ಲ.

ಹೇರು ಅನ್ನೋ ಮಾತಿಗೆ ಆದ ಗತಿ ನೋಡಿದ್ರೆ ಬೇಜಾರಾಗುತ್ತೆ. ಈಗ ಪೇಪರಲ್ಲಿ ತೆರಿಗೆ ಹೇರಿದ್ರು, ನಿಷೇಧ ಹೇರಿದ್ರು, ಭಾಷೆ ಹೇರಿಕೆ ಅಂತಲೇ ಬರೋದು. ಹೇರಿಸಿಕೊಳ್ಳೋ ಎತ್ತು ಕಾಣೆಯಾಗಿ ಆ ಜಾಗದಲ್ಲಿ ನಾವು ನಿಂತಿದೀವಿ ಅಂತ ಅರ್ಥ. ಎತ್ತಿಗಾದ್ರೂ ಎರಡೂ ಕಡೆ ಸಮ ನೋಡಿ ಹೇರ್ತಿದ್ರು.

ದೊಡ್ಡಪ್ಪನ ಹಸುಬೆ ಬಟ್ಟೆ ಲಡ್ಡಾಗಿತ್ತು, ಒಗೆಯೋಕೂ ತಡೀತಿರಲಿಲ್ಲ. ಅದರ ಅಳತೆ ತಗೊಂಡು ನಮ್ಮೂರ ಟೈಲರ್ ಹತ್ರ ನಾನೊಂದು ಹೊಸದು ಹೊಲಿಸಿದೆ. ಅವನಿಗೂ ಆಶ್ಚರ್ಯ, ನಡುಮಧ್ಯ ಬಾಯಿ ಯಾಕೆ ಅಂತ ಎರಡು ಸಲ ಕೇಳಿದ. ಡ್ರಿಪ್ ಸಾಮಾನು ತರೋಕೆ, ಬಿತ್ತನೆ ಬೀಜ ಹೊಲಕ್ಕೆ ಒಯ್ಯೋಕೆ, ಸೊಸೈಟಿಗೆ ಹೋಗೋಕೆ ಮೂರು ತಿಂಗಳಿಂದ ಬಳಸ್ತಿದೀನಿ. ಎರಡೂ ಕೈ ಖಾಲಿ ಇರುತ್ತೆ, ಅದೇ ದೊಡ್ಡ ಅನುಕೂಲ. ಈರುಳ್ಳಿ ಸಸಿ ಕಟ್ಟು ಒಯ್ಯೋಕೂ ಚೆನ್ನಾಗೈತೆ, ಒದ್ದೆ ಬಟ್ಟೆ ಸುತ್ತಿ ಒಳಗಿಟ್ರೆ ಬಾಡಲ್ಲ.

ಬೇಕಾದೋರು ಅಳತೆ ಬರ್ಕೊಳ್ಳಿ. ದಪ್ಪ ಹತ್ತಿ ಬಟ್ಟೆ, ಐದೂವರೆ ಅಡಿ ಉದ್ದ, ಎರಡೂಕಾಲು ಅಡಿ ಅಗಲ. ಹೊಲಿಸೋ ಮುಂಚೆ ಒಂದು ರಾತ್ರಿ ನೀರಲ್ಲಿ ನೆನೆಸಿ ಒಣಗಿಸಿ, ಇಲ್ಲಾಂದ್ರೆ ಆಮೇಲೆ ಕುಗ್ಗುತ್ತೆ. ಉದ್ದಕ್ಕೆ ಮಡಚಿ, ಎರಡೂ ತುದಿ ಹೊಲಿದು, ಉದ್ದದ ಹೊಲಿಗೆಯಲ್ಲಿ ನಡುವೆ ಒಂದಡಿ ಮಾತ್ರ ಬಿಡಿಸಿ. ಆ ಒಂದಡಿ ಬಾಯಿಯ ಎರಡೂ ಕೊನೆಗೆ ಡಬಲ್ ಹೊಲಿಗೆ ಹಾಕಿಸಿ, ಮೊದಲು ಹರಿಯೋದು ಅಲ್ಲೇ. ಬೈಕಿನ ಹಿಂದಿನ ಸೀಟಿಗೆ ಇಳಿಬಿಡೋದಾದ್ರೆ ಸೈಲೆನ್ಸರ್ ಕಡೆ ಪಾಲನ್ನ ನಾಲ್ಕಿಂಚು ಗಿಡ್ಡ ಇಡಿಸಿ.